ತಂಬೂರಿ ಕೇಳಿಸದು, ಜೂಮ್ ಕಿರುಚುತ್ತದೆ: ಒಂದೊಂದು ಆ್ಯಪ್‌ಗೂ ಬೇರೆ ಬೇರೆ ವಾಲ್ಯೂಮ್ ಇಡುವುದು ಹೇಗೆ?

ಪ್ರಶ್ನೆ:

“ಸರ್, ನಾನು ಮೈಸೂರಿನಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಬೆಳಿಗ್ಗೆ 6 ಗಂಟೆಯಿಂದ ಅಮೆರಿಕದಲ್ಲಿರುವ ಮಕ್ಕಳಿಗೆ ಜೂಮ್‌ನಲ್ಲಿ ಪಾಠ. ನನ್ನದು 5 ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ನನ್ನ ಷಡ್ಜ. ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ತೆರೆದು ಒಂದು ವೆಬ್‌ಸೈಟ್‌ನಿಂದ ತಂಬೂರಿ ಹಾಕಿಕೊಳ್ಳುತ್ತೇನೆ. ತೊಂದರೆ ಏನೆಂದರೆ, ಜೂಮ್ ಶುರುವಾದ ಕೂಡಲೇ ತಂಬೂರಿ ತಾನಾಗಿಯೇ ಇಳಿದುಹೋಗುತ್ತದೆ, ಕಿವಿಗೊಟ್ಟರೂ ಸರಿಯಾಗಿ ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಮಗುವಿನ ದನಿ ಕಿವಿ ಸೀಳುತ್ತದೆ. ನಡುವೆ ವಾಟ್ಸ್ಆ್ಯಪ್‌ನ ಟಿಂಗ್ ಬಂದರಂತೂ ಎದೆ ಧಸಕ್ ಅನ್ನುತ್ತದೆ. ಯೂಟ್ಯೂಬ್‌ನಲ್ಲಿ ಒಂದು ಕೃತಿ ಕೇಳಿಸೋಣ ಅಂದರೂ ಇದೇ ಕಥೆ. ರಿಪೇರಿ ಅಂಗಡಿಯವರು ಸೌಂಡ್ ಕಾರ್ಡ್ ಹೋಗಿದೆ, ಹೊರಗಿನದು ಒಂದು ಹಾಕಿಸಿ ಅಂದರು. ನೆಂಟರ ಹುಡುಗ ವಾಲ್ಯೂಮ್ ಬೂಸ್ಟರ್ ಹಾಕಿಕೊಳ್ಳಿ ಅನ್ನುತ್ತಾನೆ. ಮಗ ಮ್ಯಾಕ್ ತಗೋ ಅಮ್ಮ ಅನ್ನುತ್ತಾನೆ. ಒಂದೊಂದಕ್ಕೆ ಬೇರೆ ಬೇರೆ ವಾಲ್ಯೂಮ್ ಇಡಲು ಆಗುವುದೇ ಇಲ್ವಾ? ಇನ್ನೊಂದು, ಮಕ್ಕಳಿಗೆ ನನ್ನ ತಂಬೂರಿ ಕೇಳಿಸುವುದೇ ಇಲ್ಲವಂತೆ. ದಿನವೂ ಗಂಟೆಗಟ್ಟಲೆ ಹೆಡ್‌ಫೋನ್ ಹಾಕಿ ಕೂರುತ್ತೇನೆ, ಕಿವಿಗೆ ಏನಾದರೂ ಆಗುತ್ತದಾ ಅನ್ನುವ ಭಯವೂ ಇದೆ.”

ಉತ್ತರ:

ಮೇಡಂ, ಮೊದಲು ದುಡ್ಡು ಉಳಿಸುವ ಮಾತು. ನಿಮ್ಮ ಸೌಂಡ್ ಕಾರ್ಡ್ ಹೋಗಿರುವ ಲಕ್ಷಣ ಇದಲ್ಲ. ಅದು ಕೆಟ್ಟಿದ್ದರೆ ಜೂಮ್ ಇಲ್ಲದಾಗಲೂ ತಂಬೂರಿ ಸರಿಯಾಗಿ ಬರಬಾರದಿತ್ತು. ನೀವೇ ನೋಡಿ. ಜೂಮ್ ಪೂರ್ತಿ ಮುಚ್ಚಿ, ತಂಬೂರಿ ಹಾಕಿ. ಚೆನ್ನಾಗಿ ಕೇಳಿಸುತ್ತಿದೆಯಾ? ಈಗ ಜೂಮ್ ತೆರೆದು ಒಬ್ಬರೇ ಒಂದು ಮೀಟಿಂಗ್ ಶುರು ಮಾಡಿ, ಆಡಿಯೋಗೆ ಸೇರಿಕೊಳ್ಳಿ. ಆ ಕ್ಷಣಕ್ಕೇ ತಂಬೂರಿ ಇಳಿದರೆ, ಮೀಟಿಂಗ್ ಮುಗಿಸಿದ ಮೇಲೆ ಮತ್ತೆ ಮೇಲೆ ಬಂದರೆ, ಅದು ವಿಂಡೋಸ್ ಬೇಕೆಂದೇ ಮಾಡುತ್ತಿರುವ ಕೆಲಸ. ಯಾವ ಬಿಡಿಭಾಗ ಬದಲಿಸಿದರೂ ಅದು ನಿಲ್ಲುವುದಿಲ್ಲ.

ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ತಂಬೂರಿ ತಾನಾಗಿ ಇಳಿಯುವುದು ಒಂದು. ಎಲ್ಲ ಸದ್ದೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದು ಇನ್ನೊಂದು. ಮಕ್ಕಳಿಗೆ ತಂಬೂರಿ ತಲುಪದಿರುವುದು ಮೂರನೆಯದು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಅಂಗಡಿಯವರು, ಹುಡುಗ, ಮಗ ಮೂವರೂ ಇದನ್ನು ಒಂದೇ ಕಾಯಿಲೆ ಅಂದುಕೊಂಡಿದ್ದಾರೆ. ಅದಕ್ಕೇ ಯಾರ ಸಲಹೆಯೂ ಸರಿಹೊಂದುತ್ತಿಲ್ಲ.

ತಾನಾಗಿ ಇಳಿಯುವುದನ್ನು ಮೊದಲು ಮುಗಿಸಿಬಿಡೋಣ. ಕರೆ ಬಂದಾಗ ಬೇರೆ ಸದ್ದುಗಳು ಅಡ್ಡಿ ಮಾಡಬಾರದು ಎಂದು ವಿಂಡೋಸ್‌ನಲ್ಲಿ ಒಂದು ಏರ್ಪಾಡು ಇದೆ. ವಿಂಡೋಸ್ 7 ಕಾಲದಿಂದ, ಅಂದರೆ 2009ರಿಂದಲೂ ಇದೆ. ಯಾವುದಾದರೂ ಆ್ಯಪ್ ‘ನಾನು ಮಾತುಕತೆ ನಡೆಸುತ್ತಿದ್ದೇನೆ’ ಎಂದು ಸಿಸ್ಟಮ್‌ಗೆ ತಿಳಿಸಿದರೆ, ಅದು ಉಳಿದ ಎಲ್ಲ ಆ್ಯಪ್‌ಗಳ ಸದ್ದನ್ನೂ 80 ಪರ್ಸೆಂಟ್ ತಗ್ಗಿಸುತ್ತದೆ. ಯಾರೂ ಕೇಳದಿದ್ದರೂ ಮೊದಲಿಂದ ಇರುವ ಸೆಟ್ಟಿಂಗೇ ಇದು. ಆಫೀಸಿನಲ್ಲಿ ಹಾಡು ಕೇಳುತ್ತಾ ಕೂತವರಿಗೆ ಫೋನ್ ಬಂದರೆ ಇದು ಅನುಕೂಲ. ಆದರೆ ಹಿಂದೆ ತಂಬೂರಿ ಬೇಕೇ ಬೇಕು ಅನ್ನುವವರ ಬಗ್ಗೆ ಇದನ್ನು ಮಾಡಿದವರು ಯೋಚಿಸಿದ ಹಾಗಿಲ್ಲ. ಕಂಪ್ಯೂಟರ್ ಕಣ್ಣಿಗೆ ನಿಮ್ಮ ತಂಬೂರಿ ಸುಮ್ನೆ ಹಿಂದೆ ಓಡುತ್ತಿರುವ ಯಾವುದೋ ಒಂದು ಹಾಡು, ಅಷ್ಟೆ.

ತೆಗೆಯುವುದು ಸುಲಭ. ಸೆಟ್ಟಿಂಗ್ಸ್ ತೆರೆಯಿರಿ, ಸಿಸ್ಟಮ್, ಅದರಲ್ಲಿ ಸೌಂಡ್. ಆ ಪುಟದ ಕೊನೆಯ ತನಕ ಇಳಿದರೆ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಸಿಗುತ್ತದೆ. ಒತ್ತಿದರೆ ಹಳೇ ಕಾಲದ ಒಂದು ಚಿಕ್ಕ ಕಿಟಕಿ ಬರುತ್ತದೆ. ಅದರ ಮೇಲ್ಗಡೆ ಕೊನೆಯ ಟ್ಯಾಬ್ ‘ಕಮ್ಯುನಿಕೇಷನ್ಸ್’. ಅಲ್ಲಿ ನಾಲ್ಕು ಆಯ್ಕೆಗಳಿವೆ: ಉಳಿದದ್ದನ್ನು ಪೂರ್ತಿ ಮ್ಯೂಟ್ ಮಾಡು, 80 ಪರ್ಸೆಂಟ್ ತಗ್ಗಿಸು, 50 ಪರ್ಸೆಂಟ್ ತಗ್ಗಿಸು, ಕೊನೆಯದು ‘ಡೂ ನಥಿಂಗ್’, ಅಂದರೆ ಏನೂ ಮಾಡಬೇಡ. ಕೊನೆಯದನ್ನು ಆರಿಸಿ ಓಕೆ ಒತ್ತಿ. ಜೂಮ್ ಮುಚ್ಚಿ ಮತ್ತೆ ತೆರೆಯಿರಿ. ಸಂಗೀತ ಮೇಷ್ಟ್ರುಗಳು ‘ಕ್ಲಾಸ್ ಶುರುವಾದರೆ ಶ್ರುತಿ ಮಾಯ’ ಎಂದು ನನಗೆ ಹೇಳಿದಾಗ ನಾನು ಮೊದಲು ಮುಟ್ಟಿ ನೋಡುವುದು ಈ ಟ್ಯಾಬನ್ನೇ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಇದರಿಂದ ಏನೂ ಅಪಾಯ ಇಲ್ಲ. ಆದರೆ ಇನ್ನು ಮುಂದೆ ಕರೆ ಬಂದಾಗ ಯೂಟ್ಯೂಬ್ ತಾನಾಗಿ ತಗ್ಗುವುದಿಲ್ಲ, ನೀವೇ ನಿಲ್ಲಿಸಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಒಂದೊಂದಕ್ಕೆ ಬೇರೆ ಬೇರೆ ವಾಲ್ಯೂಮ್ ಖಂಡಿತ ಇಡಬಹುದು, ಹೊಸದಾಗಿ ಏನೂ ಹಾಕಿಸಬೇಕಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದು ಇರಲಿಲ್ಲ ನಿಜ. ಆಗ ವಾಲ್ಯೂಮ್ ಕಿಟಕಿಯಲ್ಲಿ ‘ವೇವ್’, ‘ಸಿಡಿ’, ‘ಲೈನ್ ಇನ್’ ಎಂದೆಲ್ಲ ಸಾಲುಗಳು, ಅಂದರೆ ಸದ್ದನ್ನು ಏರಿಸಿ ಇಳಿಸುವ ಗೆರೆಗಳು, ಇದ್ದವು. ಅವು ಸದ್ದು ಯಾವ ದಾರಿಯಿಂದ ಬರುತ್ತದೆ ಅನ್ನುವುದಕ್ಕೆ ಇದ್ದವೇ ಹೊರತು ಆ್ಯಪ್‌ಗಳಿಗಲ್ಲ. ಎಷ್ಟೋ ಪ್ಲೇಯರ್‌ಗಳಲ್ಲಿ ವಾಲ್ಯೂಮ್ ಇಳಿಸಿದರೆ ‘ವೇವ್’ ಸಾಲೇ ಇಳಿದು, ಉಳಿದ ಪ್ರೋಗ್ರಾಮ್‌ಗಳ ಸದ್ದೂ ಅದರ ಜೊತೆ ಹೋಗುತ್ತಿತ್ತು. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಸೌಂಡ್ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದರು. ಅಲ್ಲಿಂದ ಪ್ರತಿ ಪ್ರೋಗ್ರಾಮ್‌ಗೂ ತನ್ನದೇ ಒಂದು ಸಾಲು ಬಂತು. ವಿಸ್ಟಾವನ್ನು ಬೈದವರು ಬಹಳ ಜನ, ಆದರೆ ಈ ಒಂದು ಕೆಲಸಕ್ಕೆ ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. 2018ರ ವಿಂಡೋಸ್ 10 ಅಪ್‌ಡೇಟ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಾವ ಆ್ಯಪ್‌ನ ಸದ್ದು ಯಾವ ಸ್ಪೀಕರ್‌ಗೆ ಹೋಗಬೇಕು ಅನ್ನುವುದನ್ನೂ ನಾವೇ ಆರಿಸಬಹುದು ಎಂದಾಯಿತು. ನಿಮಗೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ.

ಒಳಗೆ ನಡೆಯುವುದು ಏನು ಅಂತ ಸ್ವಲ್ಪ ತಿಳಿದರೆ ಮುಂದಿನದೆಲ್ಲ ಸಲೀಸು. ಮನೆಯ ನೀರಿನ ಪೈಪ್ ನೆನಪಿಸಿಕೊಳ್ಳಿ. ಟ್ಯಾಂಕಿನ ಹತ್ತಿರ ಒಂದು ವಾಲ್ವ್, ಅಡುಗೆಮನೆಗೆ ಒಂದು ವಾಲ್ವ್, ಕೊನೆಗೆ ಸಿಂಕಿನ ನಲ್ಲಿ. ಮೂರರಲ್ಲಿ ಯಾವುದನ್ನು ತಿರುಗಿಸಿದರೂ ನೀರು ಕಮ್ಮಿ ಆಗುತ್ತದೆ. ಒಂದನ್ನು ಅರ್ಧ ಮುಚ್ಚಿಟ್ಟು ಇನ್ನೊಂದನ್ನು ಪೂರ್ತಿ ತೆರೆದರೂ ರಭಸ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಸದ್ದು ಬರುವುದೂ ಹೀಗೆಯೇ. ಯೂಟ್ಯೂಬ್ ಪರದೆಯ ಒಳಗೇ ಒಂದು ವಾಲ್ಯೂಮ್ ಇದೆ. ಕ್ರೋಮ್‌ಗೆ ವಿಂಡೋಸ್ ಕೊಟ್ಟಿರುವ ಸಾಲು ಎರಡನೆಯದು. ಕೀಬೋರ್ಡಿನಲ್ಲಿ ನೀವು ಒತ್ತುವ ಮಾಸ್ಟರ್ ವಾಲ್ಯೂಮ್ ಮೂರನೆಯದು. ಹೆಡ್‌ಫೋನ್ ಮೇಲೆ ಗುಂಡಿ ಇದ್ದರೆ ನಾಲ್ಕನೆಯದು. ಆ್ಯಪ್‌ನ ಸಾಲು ಯಾವತ್ತೂ ಮಾಸ್ಟರ್ ಒಳಗಿನ ಪಾಲು. ಅದನ್ನು 100ಕ್ಕೆ ಇಟ್ಟರೂ ಮಾಸ್ಟರ್ ಮೀರಿ ಸದ್ದು ಬರಲಾರದು.

ಇದರಿಂದಲೇ ನಾನು ಎಲ್ಲರಿಗೂ ಹೇಳುವ ಒಂದು ಮಾತು ಹುಟ್ಟುತ್ತದೆ: ಕಮ್ಮಿ ಇರುವುದನ್ನು ಏರಿಸಲು ಹೋಗಬೇಡಿ, ಜಾಸ್ತಿ ಇರುವುದನ್ನು ಇಳಿಸಿ. ನಿಮಗೆ ಎಲ್ಲಕ್ಕಿಂತ ಸಣ್ಣಗೆ ಕೇಳುವುದು ತಂಬೂರಿ ಅಲ್ವಾ? ಹಾಗಾದರೆ ಅದರ ಸಾಲು 100ರಲ್ಲೇ ಇರಲಿ. ಅದು ನಿಮಗೆ ಹಿತವಾಗಿ ಕೇಳುವ ತನಕ ಮಾಸ್ಟರ್ ಏರಿಸಿ, ಅಲ್ಲಿಗೆ ಬಿಟ್ಟುಬಿಡಿ. ಈಗ ಜೂಮ್ ಜೋರಾಗಿರುತ್ತದೆ. ಅದರ ಸಾಲನ್ನು ಮಾತ್ರ 40ಕ್ಕೋ 50ಕ್ಕೋ ಇಳಿಸಿ. ಸಿಸ್ಟಮ್ ಸದ್ದನ್ನು ಇನ್ನೂ ಕೆಳಗೆ ತಳ್ಳಿ. ನಾವೆಲ್ಲ ಮಾಡುವುದು ಇದರ ಉಲ್ಟಾ. ಸಣ್ಣ ದನಿ ಕೇಳಲಿಲ್ಲ ಎಂದು ಮಾಸ್ಟರ್ ಏರಿಸುತ್ತೇವೆ, ಜೋರಿನದು ಬಂದಾಗ ಹೌಹಾರಿ ಇಳಿಸುತ್ತೇವೆ, ಪಾಠ ಮುಗಿಯುವ ತನಕ ಕೈ ಆ ಗುಂಡಿಯ ಮೇಲೇ ಇರುತ್ತದೆ.

ಆ ಸಾಲುಗಳು ಎಲ್ಲಿವೆ? ಪರದೆಯ ಬಲಗಡೆ ಕೆಳಗಿರುವ ಸ್ಪೀಕರ್ ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ‘ಓಪನ್ ವಾಲ್ಯೂಮ್ ಮಿಕ್ಸರ್’ ಆರಿಸಿ. ವಿಂಡೋಸ್ 11 ಅಪ್‌ಡೇಟ್ ಆಗಿದ್ದರೆ ಇದಕ್ಕಿಂತ ಬೇಗದ ದಾರಿ ಇದೆ: ವಿಂಡೋಸ್ ಕೀ, ಕಂಟ್ರೋಲ್, ‘ವಿ’ ಮೂರನ್ನೂ ಒಟ್ಟಿಗೆ ಒತ್ತಿದರೆ ಮೂಲೆಯಲ್ಲೇ ಸಾಲುಗಳು ತೆರೆದುಕೊಳ್ಳುತ್ತವೆ. ಒಂದು ಎಚ್ಚರ. ಸದ್ದು ಮಾಡಿದ ಆ್ಯಪ್ ಮಾತ್ರ ಅಲ್ಲಿ ಕಾಣುತ್ತದೆ. ಜೂಮ್ ತೆರೆದು ಸುಮ್ನೆ ಇಟ್ಟರೆ ಅದರ ಸಾಲು ಇರಲಿಕ್ಕಿಲ್ಲ. ಮೀಟಿಂಗ್‌ಗೆ ಸೇರಿ, ಒಂದು ಸಲ ಸದ್ದು ಬಂದ ಮೇಲೆ ನೋಡಿ. ‘ನನ್ನ ಕಂಪ್ಯೂಟರ್‌ನಲ್ಲಿ ಈ ಸೌಲಭ್ಯವೇ ಇಲ್ಲ’ ಎಂದು ಬಿಟ್ಟುಬಿಟ್ಟವರಲ್ಲಿ ಬಹಳ ಜನ ಮಿಕ್ಸರ್ ಖಾಲಿ ಇದ್ದಾಗ ನೋಡಿದವರು.

ಇನ್ನೊಂದು ಗೊಂದಲ ಆಗುವ ವಿಷಯ. ವಿಂಡೋಸ್ ಈ ಸಾಲುಗಳನ್ನು ನೆನಪಿಟ್ಟುಕೊಳ್ಳುತ್ತದೆ, ಆದರೆ ಸ್ಪೀಕರ್‌ಗೆ ಬೇರೆ, ಹೆಡ್‌ಫೋನ್‌ಗೆ ಬೇರೆ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಎಲ್ಲ ಹೊಂದಿಸಿ ಇಟ್ಟು, ಮಾರನೇ ದಿನ ಬ್ಲೂಟೂತ್ ಹೆಡ್‌ಫೋನ್ ಜೋಡಿಸಿದರೆ ನಿನ್ನೆ ಮಾಡಿದ್ದು ಕಾಣುವುದಿಲ್ಲ. ಹಾಳಾಗಿಲ್ಲ, ಹೆಡ್‌ಫೋನ್‌ಗೂ ಒಮ್ಮೆ ಹೊಂದಿಸಬೇಕು ಅಷ್ಟೆ. ಆದ್ದರಿಂದ ಪಾಠಕ್ಕೆ ಹಾಕುವ ಹೆಡ್‌ಫೋನ್ ಜೋಡಿಸಿಕೊಂಡೇ ಈ ಕೆಲಸಕ್ಕೆ ಕೂತುಕೊಳ್ಳಿ.

ಈಗ ನಿಮಗೆ ಎದುರಾಗುವ ನಿಜವಾದ ಅಡ್ಡಿ. ನಿಮ್ಮ ತಂಬೂರಿಯೂ ಯೂಟ್ಯೂಬೂ ಎರಡೂ ಕ್ರೋಮ್‌ನಲ್ಲಿವೆ. ವಿಂಡೋಸ್‌ಗೆ ಕಾಣುವುದು ಕ್ರೋಮ್ ಒಂದೇ. ಒಳಗೆ ಹತ್ತು ಟ್ಯಾಬ್ ಇದ್ದರೂ ಸಾಲು ಒಂದೇ. ಅದನ್ನು ಇಳಿಸಿದರೆ ಎರಡೂ ಇಳಿಯುತ್ತವೆ. ಟ್ಯಾಬ್ ಮೇಲೆ ಬಲಗುಂಡಿ ಒತ್ತಿ ಒಂದು ಸೈಟನ್ನು ಪೂರ್ತಿ ಮ್ಯೂಟ್ ಮಾಡಬಹುದು, ಆದರೆ ಅರ್ಧಕ್ಕೆ ಇಳಿಸುವ ಸೌಲಭ್ಯ ಕ್ರೋಮ್‌ನಲ್ಲಿ ಇಲ್ಲ. ಇದಕ್ಕೆ ಟ್ಯಾಬ್ ಟ್ಯಾಬ್‌ಗೂ ವಾಲ್ಯೂಮ್ ಕೊಡುವ ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಮ್‌ಗಳು, ಸಿಗುತ್ತವೆ. ಕೆಲಸವೂ ಮಾಡುತ್ತವೆ. ಆದರೂ ನಾನು ಹಿಂಜರಿಯುತ್ತೇನೆ, ಕಾರಣ ಹೇಳುತ್ತೇನೆ ಕೇಳಿ: ಇಂಥ ಎಕ್ಸ್‌ಟೆನ್ಷನ್‌ಗಳಲ್ಲಿ ಎಷ್ಟೋ ‘ನೀವು ನೋಡುವ ಎಲ್ಲ ಸೈಟ್‌ಗಳ ಮಾಹಿತಿಯನ್ನು ಓದಲು, ಬದಲಿಸಲು’ ಒಪ್ಪಿಗೆ ಕೇಳುತ್ತವೆ. ಅದೇ ಬ್ರೌಸರ್‌ನಲ್ಲಿ ನೀವು ಬ್ಯಾಂಕ್ ಕೆಲಸವನ್ನೂ ಮಾಡುತ್ತೀರಿ. ಇವತ್ತು ಒಳ್ಳೆಯವರ ಕೈಯಲ್ಲಿರುವ ಎಕ್ಸ್‌ಟೆನ್ಷನ್ ನಾಳೆ ಇನ್ಯಾರಿಗೋ ಮಾರಾಟವಾದರೆ ನಿಮಗೆ ಗೊತ್ತೂ ಆಗುವುದಿಲ್ಲ.

ಅದರ ಬದಲು ಬಹಳ ಸರಳವಾದ ದಾರಿ ಇದೆ. ತಂಬೂರಿಯನ್ನು ಬೇರೆ ಬ್ರೌಸರ್‌ನಲ್ಲಿ ಹಾಕಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಡ್ಜ್ ಹೇಗೂ ಇದ್ದೇ ಇದೆ. ತಂಬೂರಿಗೆ ಎಡ್ಜ್, ಯೂಟ್ಯೂಬ್‌ಗೆ ಕ್ರೋಮ್, ಪಾಠಕ್ಕೆ ಜೂಮ್ ಆ್ಯಪ್. ಮಿಕ್ಸರ್‌ನಲ್ಲಿ ಮೂರು ಸಾಲು ಬೇರೆ ಬೇರೆ ಸಿಗುತ್ತವೆ. ಜೂಮ್ ಬದಲು ಗೂಗಲ್ ಮೀಟ್ ಬಳಸುವವರಿಗೂ ಇದೇ ಉಪಾಯ, ಯಾಕೆಂದರೆ ಮೀಟ್ ಓಡುವುದೇ ಬ್ರೌಸರ್ ಒಳಗೆ.

ವಾಟ್ಸ್ಆ್ಯಪ್ ಟಿಂಗ್‌ಗೆ ಮಿಕ್ಸರ್ ತನಕ ಹೋಗಬೇಕಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ನೋಟಿಫಿಕೇಷನ್ಸ್‌ನಲ್ಲಿ ವಾಟ್ಸ್ಆ್ಯಪ್ ಆರಿಸಿ ಸದ್ದಿನ ಗುರುತು ತೆಗೆದುಬಿಡಿ. ಪಾಠದ ಹೊತ್ತಿಗೆ ‘ಡು ನಾಟ್ ಡಿಸ್ಟರ್ಬ್’ ಹಾಕಿದರೂ ಆಯಿತು.

ಮಿಕ್ಸರ್ ಕಿಟಕಿ ದಿನವೂ ಹುಡುಕುವುದು ಬೇಸರ ಅನ್ನಿಸಿದರೆ ‘ಇಯರ್‌ಟ್ರಂಪೆಟ್’ ಎಂಬ ಉಚಿತ ಆ್ಯಪ್ ಇದೆ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೇ ಸಿಗುತ್ತದೆ, ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಸ್ಪೀಕರ್ ಚಿತ್ರದ ಪಕ್ಕದಲ್ಲೇ ಕೂತು ಎಲ್ಲ ಸಾಲುಗಳನ್ನೂ ಒಂದೇ ಕ್ಲಿಕ್ಕಿಗೆ ತೋರಿಸುತ್ತದೆ. ಹೊರಗಿನಿಂದ ಏನಾದರೂ ಹಾಕಲೇಬೇಕು ಅಂದರೆ ನಾನು ಹೇಳುವುದು ಇದೊಂದೇ.

ಬೂಸ್ಟರ್ ಬೇಡವೇ ಬೇಡ. ಕಂಪ್ಯೂಟರ್‌ನಲ್ಲಿ ಸದ್ದು ಅಂದರೆ ಅಂಕಿಗಳ ಸಾಲು. ಆ ಅಂಕಿಗಳಿಗೆ ಒಂದು ಮಿತಿ ಇದೆ, ಅದನ್ನು ಮೀರಿ ಹೋಗಲು ಜಾಗ ಇಲ್ಲ. ಈಗಾಗಲೇ ಮಿತಿಯ ಹತ್ತಿರ ಇರುವ ಸದ್ದನ್ನು ಇನ್ನೂ ಏರಿಸಿದರೆ ಅಲೆಯ ತುದಿಗಳು ಚಪ್ಪಟೆಯಾಗಿ ಕತ್ತರಿಸಿಹೋಗುತ್ತವೆ. ಮೂಲದಲ್ಲಿ ಇಲ್ಲದ ಸ್ವರಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಸಿನಿಮಾ ಮಾತು ಕೇಳುವವರಿಗೆ ಇದು ಬರೀ ಗರಗರ ಅನ್ನಿಸಬಹುದು. ನಿಮಗೆ ಹಾಗಲ್ಲ. ತಂಬೂರಿಯ ಜೀವ ಇರುವುದೇ ಅದರ ಉಪಸ್ವರಗಳಲ್ಲಿ, ಅಂದರೆ ಮೂಲ ಸ್ವರದ ಜೊತೆ ತಾನಾಗಿ ಹುಟ್ಟುವ ಸಣ್ಣ ಸ್ವರಗಳಲ್ಲಿ. ತಂತಿಗಳನ್ನು ಹೊರುವ ‘ಕುದುರೆ’ಯ ಮೇಲೆ ಎಳೆ ದಾರ ಇಟ್ಟು, ಕೂದಲೆಳೆಯಷ್ಟು ಸರಿಸಿ ಸರಿಸಿ ಆ ಝೇಂಕಾರ ಹೊರಡಿಸುತ್ತೀರಿ. ಮಂದ್ರ ಷಡ್ಜದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಕೇಳಿಬರುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುತ್ತೀರಿ. ಕತ್ತರಿಸಿದ ಅಲೆಯಿಂದ ಬರುವ ಸುಳ್ಳು ಸ್ವರಗಳು ಕೂರುವುದು ಅದರ ಮೇಲೆಯೇ. ಶ್ರುತಿ ಕಲಿಯುವ ಮಗುವಿನ ಕಿವಿಗೆ ಅದನ್ನು ಕೊಡಬಾರದು. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್‌ಗಳಿಗೂ ಹೀಗೆ ಮಿತಿ ಮೀರಿದ ಸದ್ದನ್ನು ಗಂಟೆಗಟ್ಟಲೆ ಕೊಡುವುದು ಒಳ್ಳೆಯದಲ್ಲ. ಸಾಮಾನ್ಯ ಸದ್ದನ್ನು 100ರಲ್ಲಿ ಇಟ್ಟು ಕೇಳಿದರೆ ಸ್ಪೀಕರ್ ಹಾಳಾಗುತ್ತದೆ ಅನ್ನುವ ಭಯ ಬೇಡ, ಅದಕ್ಕೆಂದೇ ಮಾಡಿದ್ದು. ತೊಂದರೆ ಇರುವುದು 100ರ ಆಚೆ. ವಿಎಲ್‌ಸಿ ಪ್ಲೇಯರ್‌ನಲ್ಲಿ 125ರ ತನಕ ಹೋಗುತ್ತದಲ್ಲ, ಅದು ಕೂಡ ಇಂಥದ್ದೇ. ತೀರಾ ಸಣ್ಣಗೆ ರೆಕಾರ್ಡ್ ಆದ ಹಳೆಯ ಕಚೇರಿಗೆ ಪರವಾಗಿಲ್ಲ, ಉಳಿದದ್ದಕ್ಕೆ ಬೇಡ.

ಸ್ಪೀಕರ್ ವಿಷಯ ಬಂತು, ಒಂದು ಮಾತು ಹೇಳಿಬಿಡುತ್ತೇನೆ. 5 ಮನೆ ಶ್ರುತಿಯಲ್ಲಿ ನಿಮ್ಮ ಮಧ್ಯ ಷಡ್ಜ ಸುಮಾರು 196 ಹರ್ಟ್ಸ್, ಮಂದ್ರ ಷಡ್ಜ ಅದರ ಅರ್ಧ, 98 ಹರ್ಟ್ಸ್. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರ್‌ಗಳು ಅಷ್ಟು ಕೆಳಗಿನ ಸ್ವರವನ್ನು ಸರಿಯಾಗಿ ಹೊರಡಿಸಲಾರವು. ಆದ್ದರಿಂದ ಹೆಡ್‌ಫೋನ್ ಇಲ್ಲದಾಗ ತಂಬೂರಿ ತೆಳ್ಳಗೆ ಕೇಳಿಸುವುದು ವಾಲ್ಯೂಮ್ ತೊಂದರೆಯೇ ಅಲ್ಲ. ಎಷ್ಟು ಏರಿಸಿದರೂ ಆ ತುಂಬು ಬರುವುದಿಲ್ಲ. ಹೊರಗಿನ ಒಂದು ಸಾಧಾರಣ ಸ್ಪೀಕರ್ ಇಟ್ಟರೂ ವ್ಯತ್ಯಾಸ ತಿಳಿಯುತ್ತದೆ.

ಹೆಡ್‌ಫೋನ್ ಬ್ಲೂಟೂತ್‌ನದಾಗಿದ್ದರೆ ಇನ್ನೊಂದು ಕಾರಣವನ್ನೂ ನೋಡಬೇಕು. ಬರೀ ಕೇಳುವಾಗ ಅದು ಒಳ್ಳೆಯ ಗುಣಮಟ್ಟದ ದಾರಿಯಲ್ಲಿ ಸದ್ದು ತರುತ್ತದೆ. ಅದರ ಮೈಕ್ ಕೂಡ ಬೇಕು ಎಂದು ಜೂಮ್ ಕೇಳಿದ ತಕ್ಷಣ, ಹೆಚ್ಚಿನ ಹೆಡ್‌ಫೋನ್‌ಗಳಲ್ಲಿ, ಕೇಳುವುದು ಮತ್ತು ಮಾತಾಡುವುದು ಎರಡೂ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತವೆ. ತಂಬೂರಿ ಸಣ್ಣದಾಗುವುದಷ್ಟೇ ಅಲ್ಲ, ಮಂಕಾಗಿಯೂ ಬಿಡುತ್ತದೆ. ನಿಮ್ಮಲ್ಲಿ ಹಾಗೆ ಆಗುತ್ತಿದ್ದರೆ ಜೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಜಾಗದಲ್ಲಿ ಹೆಡ್‌ಫೋನ್ ಇರಲಿ, ಮೈಕ್ರೊಫೋನ್ ಜಾಗದಲ್ಲಿ ಮಾತ್ರ ಲ್ಯಾಪ್‌ಟಾಪಿನ ಮೈಕ್ ಆರಿಸಿ. ಸಂಗೀತ ಪಾಠ ಮಾಡುವವರು ತಂತಿ ಇರುವ ಹೆಡ್‌ಫೋನ್ ಬಳಸುವುದೇ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೆಲೆಯೂ ಕಮ್ಮಿ, ಈ ತಾಪತ್ರಯವೂ ಇಲ್ಲ.

ಮಕ್ಕಳಿಗೆ ತಂಬೂರಿ ಯಾಕೆ ಕೇಳಿಸುವುದಿಲ್ಲ? ಇದಕ್ಕೂ ಮಿಕ್ಸರ್‌ಗೂ ಸಂಬಂಧ ಇಲ್ಲ. ಹೆಡ್‌ಫೋನ್‌ನಲ್ಲಿ ನೀವು ಕೇಳುವ ತಂಬೂರಿ ನಿಮ್ಮ ಕಿವಿಗೆ ಮಾತ್ರ. ಜೂಮ್ ಅವರಿಗೆ ಕಳಿಸುವುದು ನಿಮ್ಮ ಮೈಕ್‌ಗೆ ಬಿದ್ದದ್ದನ್ನು. ಸರಿ, ಸ್ಪೀಕರ್‌ನಲ್ಲಿ ಹಾಕಿ ಮೈಕ್‌ಗೆ ಕೇಳಿಸೋಣ ಅಂದರೆ ಜೂಮ್‌ನ ಗದ್ದಲ ತಡೆಯುವ ವ್ಯವಸ್ಥೆ ಅಡ್ಡ ಬರುತ್ತದೆ. ಅದು ಮಾತನ್ನು ಉಳಿಸಿ, ಒಂದೇ ಸಮನೆ ಬರುವ ಸದ್ದನ್ನು ತೆಗೆಯುತ್ತದೆ. ಫ್ಯಾನು, ಎಸಿ, ಮಿಕ್ಸಿ ಎಲ್ಲ ಒಂದೇ ಸಮನೆ ಬರುವ ಸದ್ದುಗಳು. ತಂಬೂರಿಯೂ ಅಷ್ಟೇ. ಅದನ್ನೂ ಗದ್ದಲ ಎಂದು ಒರೆಸಿಬಿಡುತ್ತದೆ. ನೀವು ದೀರ್ಘವಾಗಿ ಹಿಡಿದ ಷಡ್ಜ ಕೂಡ ಕೆಲವು ಸಲ ನಡುವೆ ಅಲುಗಾಡಿದ ಹಾಗೆ ಮಕ್ಕಳಿಗೆ ಕೇಳಿಸುವುದು ಇದೇ ಕಾರಣಕ್ಕೆ.

ಜೂಮ್‌ನಲ್ಲಿ ಇದಕ್ಕೆ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಎಂಬ ಆಯ್ಕೆ ಇಟ್ಟಿದ್ದಾರೆ. ಆಡಿಯೋ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಿ, ಮೀಟಿಂಗ್ ಒಳಗೂ ಆ ಗುಂಡಿ ಆನ್ ಇದೆಯಾ ಎಂದು ನೋಡಿಕೊಳ್ಳಿ. ಎರಡೂ ಬೇಕು, ಒಂದೇ ಮಾಡಿದರೆ ಸಾಲದು. ಮಕ್ಕಳೂ ತಮ್ಮ ಕಡೆ ಇದನ್ನು ಹಾಕಿಕೊಂಡರೆ ಅವರು ಹಾಡುವುದು ನಿಮಗೆ ಹೆಚ್ಚು ನಿಜವಾಗಿ ಕೇಳುತ್ತದೆ. ಇದರ ಬೆಲೆ ಏನೆಂದರೆ ಮನೆಯ ಕುಕ್ಕರ್ ಸೀಟಿಯೂ ಅಷ್ಟೇ ನಿಜವಾಗಿ ಹೋಗುತ್ತದೆ, ಡೇಟಾ ಸ್ವಲ್ಪ ಜಾಸ್ತಿ ಬೇಕಾಗುತ್ತದೆ.

ಇದಾದ ಮೇಲೆ ತಂಬೂರಿಯನ್ನು ಅವರಿಗೆ ಕಳಿಸಲು ಎರಡು ದಾರಿ. ಜೂಮ್‌ನ ಶೇರ್ ಕಿಟಕಿಯಲ್ಲಿ ಕಂಪ್ಯೂಟರ್ ಸದ್ದನ್ನು ಮಾತ್ರ ಹಂಚುವ ಆಯ್ಕೆ ಇದೆ, ಅದು ಒಂದು. ಶುದ್ಧವಾಗಿ ಹೋಗುತ್ತದೆ, ಆದರೆ ವಾಟ್ಸ್ಆ್ಯಪ್ ಟಿಂಗ್ ಬಂದರೆ ಅದೂ ಜೊತೆಗೆ ಹೋಗುತ್ತದೆ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ವಾಲ್ಯೂಮ್ ಮಿಕ್ಸರ್‌ನಲ್ಲಿ ಪ್ರತಿ ಆ್ಯಪ್ ಪಕ್ಕ ಸಣ್ಣ ಬಾಣದ ಗುರುತು ಇದೆ, ಒತ್ತಿದರೆ ‘ಔಟ್‌ಪುಟ್ ಡಿವೈಸ್’ ಕಾಣುತ್ತದೆ. ಎಡ್ಜ್‌ಗೆ, ಅಂದರೆ ತಂಬೂರಿಗೆ, ಹೊರಗಿನ ಸ್ಪೀಕರ್ ಆರಿಸಿ. ಜೂಮ್ ಒಳಗೆ ಹೆಡ್‌ಫೋನ್ ಆರಿಸಿ. ಈಗ ತಂಬೂರಿ ಕೋಣೆಯಲ್ಲಿ ನುಡಿಯುತ್ತದೆ, ನಿಮ್ಮ ಹಾಡಿನ ಜೊತೆ ಅದೂ ಮೈಕ್‌ಗೆ ಸಹಜವಾಗಿ ಬೀಳುತ್ತದೆ, ಮಗುವಿನ ದನಿ ಮಾತ್ರ ಹೆಡ್‌ಫೋನ್‌ಗೆ ಬರುತ್ತದೆ. ಹೆಡ್‌ಫೋನನ್ನು ಒಂದು ಕಿವಿಯಿಂದ ಸ್ವಲ್ಪ ಸರಿಸಿಕೊಂಡರೆ ಸಾಕು, ಎದುರಿಗೆ ಕೂತು ಪಾಠ ಮಾಡುವುದಕ್ಕೆ ಇದಕ್ಕಿಂತ ಹತ್ತಿರದ ಏರ್ಪಾಡು ಲ್ಯಾಪ್‌ಟಾಪ್‌ನಲ್ಲಿ ನನಗೆ ಗೊತ್ತಿಲ್ಲ. ತೊಡಕು ಒಂದೇ. ಯಾವತ್ತಾದರೂ ‘ಎಡ್ಜ್‌ನಲ್ಲಿ ಮಾತ್ರ ಸದ್ದೇ ಬರುತ್ತಿಲ್ಲ’ ಅನ್ನಿಸಿದರೆ ಗಾಬರಿ ಬೇಡ, ಸದ್ದು ಆ ಸ್ಪೀಕರ್‌ಗೆ ಹೋಗುತ್ತಿರುತ್ತದೆ. ಮಿಕ್ಸರ್ ಪುಟದಲ್ಲಿ ‘ರೀಸೆಟ್’ ಗುಂಡಿ ಇದೆ, ಒತ್ತಿದರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ. ಆಮೇಲೆ ಸಾಲುಗಳನ್ನು ಮತ್ತೊಮ್ಮೆ ಹೊಂದಿಸಿಕೊಳ್ಳಬೇಕು.

ಇಂಟರ್ನೆಟ್‌ನಲ್ಲಿ ಸದ್ದು ತಡವಾಗಿ ತಲುಪುವುದರಿಂದ ತಾಳ ಹಾಕಿ ಒಟ್ಟಿಗೆ ಹಾಡಲು ಆಗುವುದಿಲ್ಲ, ಅದು ನಿಮಗೆ ದಿನವೂ ಅನುಭವಕ್ಕೆ ಬರುತ್ತಿರಬೇಕು. ತಂಬೂರಿಗೆ ಮಾತ್ರ ಆ ಕಷ್ಟ ಇಲ್ಲ. ಅರ್ಧ ಸೆಕೆಂಡ್ ತಡವಾಗಿ ಹೋದರೂ ಷಡ್ಜ ಷಡ್ಜವೇ. ಆದ್ದರಿಂದ ಮೇಲಿನ ಯಾವ ದಾರಿ ಹಿಡಿದರೂ ನಡೆಯುತ್ತದೆ. ಅಷ್ಟೆಲ್ಲ ಬೇಡ ಅಂದರೆ ಮಗುವಿನ ಮನೆಯಲ್ಲೇ ಫೋನಿನಲ್ಲಿ ಅದೇ 5 ಮನೆಗೆ ತಂಬೂರಿ ಹಾಕಿಸಿ. ಅವರ ಜೂಮ್‌ನಲ್ಲೂ ಒರಿಜಿನಲ್ ಸೌಂಡ್ ಆನ್ ಇದ್ದರೆ ಅವರು ಶ್ರುತಿಯಲ್ಲಿದ್ದಾರಾ ಎಂದು ನಿಮಗೆ ತಿಳಿಯುತ್ತದೆ.

ಮ್ಯಾಕ್ ಬಗ್ಗೆ. ಮಗನ ಪ್ರೀತಿ ಅರ್ಥವಾಗುತ್ತದೆ, ಆದರೆ ಈ ಒಂದು ವಿಷಯದಲ್ಲಿ ಮ್ಯಾಕ್ ವಿಂಡೋಸ್‌ಗಿಂತ ಹಿಂದೆ. ಅಲ್ಲಿ ಆ್ಯಪ್ ಆ್ಯಪ್‌ಗೂ ಸಾಲು ಕೊಡುವ ಮಿಕ್ಸರ್ ಸಿಸ್ಟಮ್ ಜೊತೆ ಬರುವುದಿಲ್ಲ. ಎಚ್ಚರಿಕೆ ಸದ್ದಿಗೆ ಬೇರೆ ವಾಲ್ಯೂಮ್ ಇದೆ, ಅಷ್ಟೆ. ‘ಬ್ಯಾಕ್‌ಗ್ರೌಂಡ್ ಮ್ಯೂಸಿಕ್’ ಎಂಬ ಉಚಿತ ಆ್ಯಪ್ಪನ್ನೋ, ದುಡ್ಡು ಕೊಟ್ಟು ‘ಸೌಂಡ್‌ಸೋರ್ಸ್’ ಎಂಬುದನ್ನೋ ಹಾಕಿಕೊಳ್ಳಬೇಕು. ಇವು ಸಿಸ್ಟಮ್‌ನ ಸೌಂಡ್ ದಾರಿಯ ನಡುವೆ ಕೂರುವ ಆ್ಯಪ್‌ಗಳು, ಹಾಗಾಗಿ ಮ್ಯಾಕ್‌ನ ದೊಡ್ಡ ಅಪ್‌ಡೇಟ್ ಬಂದಾಗ ತೊಂದರೆ ಕೊಡುವ ಸಾಧ್ಯತೆ ಇರುತ್ತದೆ. ಬೇರೆ ಕಾರಣಕ್ಕೆ ಮ್ಯಾಕ್ ಬೇಕಿದ್ದರೆ ತಗೊಳ್ಳಿ, ಇದಕ್ಕಾಗಿ ಬೇಡ. ಲಿನಕ್ಸ್ ಬಳಸುವ ಓದುಗರಿಗೆ ಈ ಚಿಂತೆ ಇಲ್ಲ. ಅಲ್ಲಿ ಸಾಮಾನ್ಯವಾಗಿ ಸೌಂಡ್ ಸೆಟ್ಟಿಂಗ್ ಒಳಗೇ ಆ್ಯಪ್‌ಗಳ ಸಾಲು ಸಿಗುತ್ತದೆ, ಇನ್ನೂ ಬೇಕೆಂದರೆ ‘ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್’ ಹಾಕಿಕೊಳ್ಳಬಹುದು.

ಕಿವಿಯ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ನೋಡಿ, ಅಂಕಿಯಲ್ಲಿ 10 ಏರಿದರೆ ಸಮಯ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಿನಾ ಪಾಠ ಮಾಡುವ ನಿಮ್ಮ ವಿಷಯದಲ್ಲಿ ಇದೇ ಮುಖ್ಯ. ತಂಬೂರಿ ಕೇಳಲಿ ಎಂದು ಮಾಸ್ಟರ್ ಏರಿಸಿ, ಅದೇ ಮಟ್ಟದಲ್ಲಿ ಮಗುವಿನ ತಾರಸ್ಥಾಯಿ ಕೇಳುತ್ತಾ ಕೂರುವುದೇ ನಿಮ್ಮ ಕಿವಿಗೆ ಬೀಳುತ್ತಿರುವ ದೊಡ್ಡ ಹೊರೆ. ಜೂಮ್‌ನ ಸಾಲನ್ನು ಇಳಿಸಿದರೆ ಆ ಹೊರೆ ಇಳಿಯುತ್ತದೆ. ಪಾಠ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುವುದು, ಎದುರಿನವರ ಮಾತು ಸ್ವಲ್ಪ ಹೊತ್ತು ಮಂದವಾಗಿ ಕೇಳುವುದು ಈಗಾಗಲೇ ಶುರುವಾಗಿದ್ದರೆ ತಡ ಮಾಡದೆ ಕಿವಿ ಡಾಕ್ಟರಿಗೆ ತೋರಿಸಿ. ನಿಮ್ಮ ವೃತ್ತಿಗೆ ಕಿವಿಯೇ ಆಧಾರ.

ಯಾವುದೋ ಒಂದು ಮಗುವಿನ ದನಿ ಮಾತ್ರ ತೀರಾ ಸಣ್ಣಗೆ ಬರುತ್ತಿದ್ದರೆ ಅದನ್ನು ನಿಮ್ಮ ಕಡೆಯಿಂದ ಸರಿಮಾಡಲು ಹೋಗಬೇಡಿ. ಅವರ ತಂದೆತಾಯಿಗೆ ಹೇಳಿ, ಮೈಕ್ ಹತ್ತಿರ ಇಡಿಸಿ. ಜೂಮ್‌ನಲ್ಲಿ ಮೈಕ್ ವಾಲ್ಯೂಮ್ ತಾನಾಗಿ ಹೊಂದಿಸುವ ಆಯ್ಕೆಯನ್ನು ತೆಗೆದು ಕೈಯಲ್ಲಿ ಇಡಲು ಹೇಳಿ. ಅದು ಆನ್ ಇದ್ದರೆ ಮಗು ಮೆಲ್ಲಗೆ ಹಾಡಿದ್ದನ್ನು ಏರಿಸಿ, ಜೋರಾಗಿ ಹಾಡಿದ್ದನ್ನು ಇಳಿಸಿ, ನೀವು ತಿದ್ದಬೇಕಾದ ಏರಿಳಿತವನ್ನೇ ಮರೆಮಾಡುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳ ಸ್ಪೀಕರ್ ಸೆಟ್ಟಿಂಗ್‌ನಲ್ಲಿ ‘ಲೌಡ್‌ನೆಸ್ ಈಕ್ವಲೈಸೇಷನ್’ ಎಂಬುದು ಇರುತ್ತದೆ, ಅದೂ ಇದೇ ಜಾತಿಯದು. ರಾತ್ರಿ ಸಿನಿಮಾ ನೋಡುವವರಿಗೆ ಒಳ್ಳೆಯದು. ಪಾಠದ ಹೊತ್ತಿಗೆ ಆಫ್ ಮಾಡಿ.

ಒಂದು ದಿನ ಪಾಠ ಇಲ್ಲದಾಗ ಶಿಷ್ಯರಲ್ಲಿ ದೊಡ್ಡವರೊಬ್ಬರನ್ನು ಜೂಮ್‌ಗೆ ಕರೆದುಕೊಂಡು ಇದನ್ನೆಲ್ಲ ಹೊಂದಿಸಿ. ಮೊದಲು ಕಮ್ಯುನಿಕೇಷನ್ಸ್ ಟ್ಯಾಬ್, ಆಮೇಲೆ ಬ್ರೌಸರ್ ಬೇರೆ ಮಾಡುವುದು, ಆಮೇಲೆ ಮಿಕ್ಸರ್, ಕೊನೆಗೆ ಒರಿಜಿನಲ್ ಸೌಂಡ್. ‘ಡೂ ನಥಿಂಗ್’ ಇಟ್ಟ ಮೇಲೂ ತಂಬೂರಿ ಇಳಿಯುತ್ತಿದ್ದರೆ ನನಗೆ ಮತ್ತೆ ಬರೆಯಿರಿ. ಆಗ ಹೆಡ್‌ಫೋನ್ ತಂತಿಯದೋ ಬ್ಲೂಟೂತ್‌ನದೋ, ಜೂಮ್‌ನಲ್ಲಿ ಯಾವ ಮೈಕ್ ಆರಿಸಿದ್ದೀರಿ, ಹೆಡ್‌ಫೋನ್ ತೆಗೆದು ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಕೇಳಿದಾಗಲೂ ಹಾಗೇ ಆಗುತ್ತದಾ, ಇವಿಷ್ಟನ್ನು ತಿಳಿಸಿ.